ಛಾವಣಿಯ ಅಂದಾಜುಪಟ್ಟಿಯಲ್ಲಿ ಕಾಣದ ಬಾಬ್ತು

ಛಾವಣಿ ಬದಲಾಯಿಸಲು ಗುತ್ತಿಗೆದಾರರು ನೀಡುವ ಅಂದಾಜುಪಟ್ಟಿಯನ್ನು ನಮ್ಮ ಸದಸ್ಯರಲ್ಲಿ ಬಹುತೇಕರು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಿರುತ್ತಾರೆ. ಕಬ್ಬಿಣ ಇಷ್ಟು ಕಿಲೋ, ಸಿಮೆಂಟು ಇಷ್ಟು ಚೀಲ, ಜಲ್ಲಿ, ಮರಳು, ಸೆಂಟ್ರಿಂಗ್, ಕೂಲಿ ಎಂದು ಪ್ರತಿಯೊಂದಕ್ಕೂ ಪ್ರತ್ಯೇಕ ಬಾಬ್ತು, ಪ್ರತ್ಯೇಕ ದರ. ಎಲ್ಲದರ ಕೆಳಗೆ ಮೊತ್ತವೇ ಇಲ್ಲದ ಒಂದು ಸಾಲು: ‘ಹಳೆಯ ಛಾವಣಿ ಕೆಡವಿ ತೆರವುಗೊಳಿಸುವುದು ಸೇರಿ’. ಸಿಮೆಂಟಿನ ಚೀಲಕ್ಕೆ ಐದು ರೂಪಾಯಿ ಕಡಿಮೆ ಮಾಡಿಸಲು ಅರ್ಧ ಗಂಟೆ ಚೌಕಾಶಿ ಮಾಡುವ ವರ್ತಕರು ಈ ಸಾಲನ್ನು ಓದಿ ಸಮಾಧಾನಪಟ್ಟುಕೊಳ್ಳುತ್ತಾರೆ. ‘ಸೇರಿ’ ಎಂದ ಮೇಲೆ ನಮಗೇಕೆ ಅದರ ಚಿಂತೆ? ಆ ಒಂದು ಪದದೊಳಗೆ ಏನು ಸೇರಿದೆ, ಏನು ಸೇರಿಲ್ಲ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೂರು ದಶಕಗಳಿಂದ ಅನ್ಯರ ಲೆಕ್ಕಪತ್ರಗಳಲ್ಲಿ ತಪ್ಪು ಹುಡುಕುವುದನ್ನೇ ವೃತ್ತಿಯಾಗಿಸಿಕೊಂಡ ನಾನು 2022ರಲ್ಲಿ ಅಂತಹುದೇ ಒಂದು ಸಾಲಿಗೆ ಕಣ್ಣುಮುಚ್ಚಿ ಸಹಿ ಹಾಕಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಕೃಷ್ಣಮೂರ್ತಿಪುರಂನಲ್ಲಿ ಶಾರದಾ ವಿಲಾಸ ಕಾಲೇಜಿನಿಂದ ಕೂಗಳತೆಯ ದೂರದಲ್ಲಿ ನಮ್ಮ ತಂದೆಯವರ ಕಾಲದ ಮನೆಯಿದೆ. ಮುಂಭಾಗಕ್ಕೆ ಮಂಗಳೂರು ಹೆಂಚು, ಹಿಂಭಾಗದ ಅಡುಗೆಮನೆ ಮತ್ತು ಎರಡು ಕೋಣೆಗಳಿಗೆ ಮದ್ರಾಸ್ ತಾರಸಿ. ಈ ತಾರಸಿಯ ರಚನೆಯನ್ನು ಇಂದಿನ ತಲೆಮಾರಿಗೆ ಹೇಳಬೇಕಾಗಬಹುದು. ತೇಗದ ತೊಲೆಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಗಾರೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಾರೆಯನ್ನು ಹಾಸಿ, ದಿನಗಟ್ಟಲೆ ಬಡಿದು ಗಟ್ಟಿ ಮಾಡಿ, ಮೇಲೆ ಚಪ್ಪಟೆ ಹೆಂಚು ಕೂರಿಸುತ್ತಿದ್ದರು. ತೊಲೆಯ ತುದಿಗಳು ಗೋಡೆಯೊಳಗೆ ತೇವ ಹೀರಿ ಕೊಳೆಯದಿರುವವರೆಗೆ ಇದಕ್ಕಿಂತ ತಂಪಾದ ಛಾವಣಿ ಇನ್ನೊಂದಿಲ್ಲ. ಕೊಳೆಯಲಾರಂಭಿಸಿತೆಂದರೆ ಅದು ಹೊರಗಿನಿಂದ ಕಾಣುವುದೂ ಇಲ್ಲ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾದುದನ್ನೂ, 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಉರುಳಿದುದನ್ನೂ ನಮ್ಮ ನಗರದ ವರ್ತಕ ಬಾಂಧವರು ಮರೆತಿರಲಾರರು. ಆದುದರಿಂದ ಹಳೆಯ ಛಾವಣಿಯನ್ನು ಸಕಾಲದಲ್ಲಿ ಇಳಿಸಬೇಕೆಂಬ ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಇಳಿಸಿದ್ದನ್ನು ಎಲ್ಲಿಡುವುದು ಎಂಬುದಷ್ಟೇ ಪ್ರಶ್ನೆ.

ನಮ್ಮ ಮನೆಯಲ್ಲಿ ಇಳಿಸಬೇಕಾಗಿದ್ದುದು ಸುಮಾರು 450 ಚದರ ಅಡಿ ಮಾತ್ರ. ಮೇಸ್ತ್ರಿಯವರು ‘ನಾಲ್ಕು ಲೋಡು ಸಾರ್, ಎರಡು ದಿನದಲ್ಲಿ ರಸ್ತೆ ಕ್ಲೀನು’ ಎಂದರು. ಮಣ್ಣು, ಗಾರೆ, ಇಟ್ಟಿಗೆ ಚೂರುಗಳ ರಾಶಿ ಮನೆಯ ಮುಂದಿನ ರಸ್ತೆಯ ಮೇಲೆ ಹನ್ನೊಂದು ದಿನ ಬಿದ್ದಿತ್ತು. ಟ್ರ್ಯಾಕ್ಟರ್ ಇಂದು ಬರುತ್ತದೆ, ನಾಳೆ ಬರುತ್ತದೆ ಎಂಬ ಭರವಸೆ ಪ್ರತಿದಿನ ದೊರೆಯುತ್ತಿತ್ತು. ನಡುವೆ ಎರಡು ದಿನ ಮಳೆ ಸುರಿದು ಗಾರೆಯ ಕೆಸರು ಚರಂಡಿಗಿಳಿಯಿತು. ಒಂಬತ್ತನೆಯ ದಿನ ಬೆಳಿಗ್ಗೆ ಎದುರು ಮನೆಯ ಅಜ್ಜಿ ಹೂವಿನ ಬುಟ್ಟಿ ಹಿಡಿದು ರಾಮಮಂದಿರಕ್ಕೆ ಹೊರಟವರು, ರಾಶಿಯನ್ನು ಬಳಸಿಕೊಂಡು ರಸ್ತೆಯ ನಡುವಿಗೆ ಬಂದಾಗ ಸ್ಕೂಟರೊಂದು ತಗುಲಿ ಬಿದ್ದರು. ಬಲ ಮಣಿಕಟ್ಟಿನ ಮೂಳೆ ಮುರಿಯಿತು. ಅವರ ಮನೆಯವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಸ್ಕೂಟರಿನ ಹುಡುಗನನ್ನೇ ಎಲ್ಲರೂ ಬೈದರು. ಆಸ್ಪತ್ರೆಯ ಖರ್ಚನ್ನು ನಾನು ಕೊಡಲು ಹೋದಾಗ ಅಜ್ಜಿ, ‘ನಿಮ್ಮ ಮನೆ ಕೆಲಸ ಚೆನ್ನಾಗಿ ಆಗಲಿ ಬಿಡಿ’ ಎಂದು ಹಣವನ್ನು ಹಿಂದಕ್ಕೆ ಸರಿಸಿದರು. ಆ ಕೈಯಿಂದ ಅವರಿಗೆ ಮತ್ತೆ ಹೂ ಕಟ್ಟಲು ಆಗಲಿಲ್ಲ.

ಹನ್ನೊಂದನೆಯ ದಿನ ರಾತ್ರಿ ಎಂಟರ ಮೇಲೆ ಟ್ರ್ಯಾಕ್ಟರ್ ಬಂದಿತು. ನಾಲ್ಕೆಂದದ್ದು ಆರು ಲೋಡಾಯಿತು. ಹೆಚ್ಚುವರಿ ಎರಡಕ್ಕೆ ತಲಾ ರೂ. 1,500ರಂತೆ ನಾನೇ ಕೊಟ್ಟೆ. ರಸೀದಿ ಕೇಳಲಿಲ್ಲ. ಎಲ್ಲಿಗೆ ಒಯ್ಯುತ್ತೀರಿ ಎಂದೂ ಕೇಳಲಿಲ್ಲ. ಕೆಲವು ತಿಂಗಳ ನಂತರ ಕಕ್ಷಿದಾರರೊಬ್ಬರ ಗೋದಾಮಿಗೆಂದು ರಿಂಗ್ ರಸ್ತೆಯಲ್ಲಿ ಹೋಗುತ್ತಿದ್ದಾಗ, ರಸ್ತೆಬದಿಯ ಕಟ್ಟಡ ತ್ಯಾಜ್ಯದ ದಿಬ್ಬಗಳ ನಡುವೆ ಪ್ಯಾರಾಪೆಟ್ಟಿನ ತುಂಡೊಂದು ಕಣ್ಣಿಗೆ ಬಿತ್ತು. ಹಸಿ ಸಿಮೆಂಟಿನಲ್ಲಿ ಕಡ್ಡಿಯಿಂದ ಗೀಚಿದ ‘1974’ ಅದರ ಮೇಲಿತ್ತು. ಆ ವರ್ಷ ಸೋರಿಕೆ ದುರಸ್ತಿ ಮಾಡಿಸಿದಾಗ ನಮ್ಮ ತಂದೆಯವರು ಬರೆದಿದ್ದ ಅಂಕಿಯದು. ನನ್ನ ಆರು ಲೋಡು ಎಲ್ಲಿಗೆ ಹೋಯಿತೆಂಬ ರಸೀದಿ ನನಗೆ ಹಾಗೆ ದೊರೆಯಿತು.

ಇನ್ನು ‘ಸೇರಿ’ ಎಂಬುದರ ಲೆಕ್ಕಕ್ಕೆ ಬರೋಣ. ಹಳೆಯ ಬಡಾವಣೆಗಳಲ್ಲಿ ಛಾವಣಿ ಇಳಿಸುವ ಕೆಲಸದ ಆರ್ಥಿಕತೆ ಬಹುಮಟ್ಟಿಗೆ ವಿನಿಮಯ ಪದ್ಧತಿಯ ಮೇಲೆ ನಡೆಯುತ್ತದೆ. ತೇಗದ ತೊಲೆ, ಜಂತೆ, ರೀಪು, ಮುರಿಯದ ಹೆಂಚು ಇವೆಲ್ಲ ಕೆಡವುವವರ ಪಾಲು. ಬದಲಿಗೆ ಕೆಡವುವ ಕೂಲಿ ಮತ್ತು ಸಾಗಣೆಯನ್ನು ಅವರು ‘ಸೇರಿಸಿ’ ಕೊಡುತ್ತಾರೆ. ಐವತ್ತು ಅರವತ್ತು ವರ್ಷ ಒಣಗಿದ ತೇಗಕ್ಕೆ ಇಂದು ಎಂಥ ಬೇಡಿಕೆಯಿದೆ ಎಂಬುದು ಮರದ ವ್ಯಾಪಾರದಲ್ಲಿರುವ ಸದಸ್ಯರಿಗೆ ನಾನು ಹೇಳಬೇಕಾಗಿಲ್ಲ. ಮಂಗಳೂರು ಹೆಂಚಿಗೂ ಮರುಬಳಕೆಯ ಮಾರುಕಟ್ಟೆಯಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಆ ಉದ್ಯಮದ ಹಳೆಯ ಹೆಂಚುಗಳನ್ನು ಇಂದು ರೆಸಾರ್ಟು ಕಟ್ಟುವವರು ಹುಡುಕಿಕೊಂಡು ಬರುತ್ತಾರೆ. ಹೀಗೆ ಬೆಲೆಯುಳ್ಳ ವಸ್ತುವಿಗೆಲ್ಲ ಕೆಡವಿದ ಮರುಗಳಿಗೆಯಲ್ಲೇ ಒಬ್ಬ ಯಜಮಾನನಿರುತ್ತಾನೆ. ಅದು ರಸ್ತೆಯಲ್ಲಿ ಒಂದು ರಾತ್ರಿಯೂ ಉಳಿಯುವುದಿಲ್ಲ. ಹನ್ನೊಂದು ದಿನ ಉಳಿಯುವುದು ಬೆಲೆಯಿಲ್ಲದ ಗಾರೆ ಮತ್ತು ಚೂರು ಮಾತ್ರ. ಮರ ಮಾರಿದ ಹಣ ಕೈಸೇರಿದ ಮೇಲೆ, ಉಳಿದ ರಾಶಿಯನ್ನು ಸಾಗಿಸುವುದು ಗುತ್ತಿಗೆದಾರನಿಗೆ ಶುದ್ಧ ನಷ್ಟದ ಬಾಬ್ತು. ನಷ್ಟದ ಬಾಬ್ತನ್ನು ಆದಷ್ಟು ಮುಂದೂಡುವುದು, ಆದಷ್ಟು ಹತ್ತಿರದಲ್ಲಿ ಸುರಿಯುವುದು ಯಾವ ವ್ಯವಹಾರಸ್ಥನಿಗೂ ಸಹಜ. ಇದನ್ನು ಗುತ್ತಿಗೆದಾರರ ದುರಾಸೆ ಎಂದು ಬೈದರೆ ನ್ಯಾಯವಾಗದು. ನಾವು ಸಹಿ ಹಾಕಿದ ಕಾಗದವೇ ಅವರನ್ನು ಆ ದಾರಿಗೆ ಹಚ್ಚಿದೆ.

ನನ್ನ ತೊಲೆಗಳು ಎಷ್ಟಕ್ಕೆ ಮಾರಾಟವಾದವು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಜಮಾ ಖರ್ಚು ಎರಡನ್ನೂ ತೋರಿಸದೆ ವ್ಯತ್ಯಾಸವನ್ನು ಮಾತ್ರ ಬರೆಯುವ ಗುಮಾಸ್ತರನ್ನು ನಾವು ಅಂಗಡಿಯಲ್ಲಿ ಒಂದು ವಾರವೂ ಇಟ್ಟುಕೊಳ್ಳುವುದಿಲ್ಲ. ಛಾವಣಿಯ ಕೆಲಸದಲ್ಲಿ ಅದನ್ನೇ ಅನುಕೂಲವೆಂದು ಭಾವಿಸುತ್ತೇವೆ.

ಪಾಶ್ಚಾತ್ಯ ದೇಶಗಳಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿ ಬಂದ ಸದಸ್ಯರು ಅಲ್ಲಿನ ಬೇರೆ ಪದ್ಧತಿಯನ್ನು ಕಂಡಿರಬಹುದು. ಛಾವಣಿ ಬದಲಾಯಿಸುವ ಮನೆಯ ಮುಂದೆ ಕೆಲಸ ಆರಂಭವಾಗುವ ಮುನ್ನವೇ ದೊಡ್ಡ ಉಕ್ಕಿನ ಪೆಟ್ಟಿಗೆಯೊಂದು ಬಂದು ಕೂರುತ್ತದೆ. ಅಮೆರಿಕೆಯಲ್ಲಿ ಅದನ್ನು ಡಂಪ್‌ಸ್ಟರ್ ಎನ್ನುತ್ತಾರೆ. ಟೆನೆಸಿಯ ನಾಕ್ಸ್‌ವಿಲ್ ನಗರದಲ್ಲಿ ಕಟ್ಟಡ ಗುತ್ತಿಗೆದಾರನಾಗಿದ್ದ ಜಾರ್ಜ್ ಡೆಂಪ್‌ಸ್ಟರ್ ಎಂಬಾತ, ತುಂಬಿದ ಪೆಟ್ಟಿಗೆಯನ್ನು ಲಾರಿಯೇ ಎತ್ತಿಕೊಂಡು ಹೋಗುವ ಯಂತ್ರವಿಧಾನಕ್ಕೆ 1930ರ ದಶಕದಲ್ಲಿ ಪೇಟೆಂಟ್ ಪಡೆದ. ಅವನ ಹೆಸರೇ ಪೆಟ್ಟಿಗೆಗೆ ಅಂಟಿಕೊಂಡಿತು. ಬ್ರಿಟನ್ನಿನಲ್ಲಿ ಇದೇ ವಸ್ತುವನ್ನು ಸ್ಕಿಪ್ ಎನ್ನುತ್ತಾರೆ. ಅದನ್ನು ಸಾರ್ವಜನಿಕ ರಸ್ತೆಯಲ್ಲಿಡಲು ಸ್ಥಳೀಯ ಆಡಳಿತದ ಅನುಮತಿ ಬೇಕು, ರಾತ್ರಿ ದೀಪ ಇರಬೇಕು. ಬಾಡಿಗೆಯ ಕರಾರಿನಲ್ಲಿ ನಾಲ್ಕು ಅಂಶಗಳಿರುತ್ತವೆ: ಪೆಟ್ಟಿಗೆಯ ಗಾತ್ರ, ಇಟ್ಟುಕೊಳ್ಳಬಹುದಾದ ದಿನಗಳು, ಒಳಗೊಂಡ ತೂಕದ ಮಿತಿ, ಮಿತಿ ಮೀರಿದರೆ ಟನ್ನಿಗೆ ಇಷ್ಟು ಎಂಬ ಹೆಚ್ಚುವರಿ ದರ. ಅನುಭವವಿಲ್ಲದವರು ಎಡವುವುದು ಮೂರನೆಯದರಲ್ಲಿ. ಛಾವಣಿಯ ತ್ಯಾಜ್ಯ ಗಾತ್ರದಲ್ಲಿ ಸಣ್ಣದು, ತೂಕದಲ್ಲಿ ದೊಡ್ಡದು. ದೊಡ್ಡ ಪೆಟ್ಟಿಗೆ ತರಿಸಿ ಕಂಠಮಟ್ಟ ತುಂಬಿದರೆ ಲಾರಿ ಅದನ್ನು ಎತ್ತುವುದೇ ಇಲ್ಲ.

ಈ ಪೆಟ್ಟಿಗೆ ನಮ್ಮಲ್ಲಿ ಅಪರಿಚಿತವೇನಲ್ಲ. ನಗರಸಭೆ, ನಗರಪಾಲಿಕೆಗಳು ಕಸಕ್ಕೆ ಬಳಸುವ ಕಂಟೇನರು ಮತ್ತು ಅದನ್ನು ಎತ್ತುವ ಡಂಪರ್ ಪ್ಲೇಸರ್ ವಾಹನವನ್ನು ಎಲ್ಲರೂ ಕಂಡಿದ್ದಾರೆ. ಆದರೆ ಒಂದು ವಾರದ ಮಟ್ಟಿಗೆ ಮನೆಯ ಮುಂದಿಡಲು ಬಾಡಿಗೆಗೆ ಬೇಕೆಂದು ನಾನು ವಿಚಾರಿಸಿದ ಕಡೆಗಳಲ್ಲೆಲ್ಲ, ‘ಪೆಟ್ಟಿಗೆ ಯಾಕೆ ಸಾರ್, ಟ್ರ್ಯಾಕ್ಟರ್ ಕಳಿಸ್ತೀನಿ’ ಎಂಬ ಉತ್ತರವೇ ದೊರೆಯಿತು. ಕಾನೂನಿನಲ್ಲಿ ಮಾತ್ರ ಇದು ಹಳೆಯ ವಿಚಾರ. 2016ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿರ್ಮಾಣ ಮತ್ತು ಕೆಡಹು ತ್ಯಾಜ್ಯ ನಿರ್ವಹಣಾ ನಿಯಮಗಳು ಎರಡು ಮಾತುಗಳನ್ನು ಸ್ಪಷ್ಟವಾಗಿ ಹೇಳಿದ್ದವು. ತ್ಯಾಜ್ಯ ಉತ್ಪಾದಿಸುವವನು ಅದನ್ನು ತನ್ನ ಆವರಣದೊಳಗೆ ಇರಿಸಿಕೊಳ್ಳಬೇಕು ಅಥವಾ ನಿಗದಿತ ಸಂಗ್ರಹಣಾ ಸ್ಥಳಕ್ಕೆ ಒಪ್ಪಿಸಬೇಕು; ರಸ್ತೆ ಚರಂಡಿಗಳಿಗೆ ಅಡ್ಡಿಯಾಗುವಂತೆ ಹಾಕಕೂಡದು. ಸ್ಥಳೀಯ ಸಂಸ್ಥೆಯು ಸಂಗ್ರಹಣೆಗೆ ಸೂಕ್ತ ಕಂಟೇನರುಗಳನ್ನು ಇರಿಸಿ, ತುಂಬಿದಾಗ ತೆರವು ಮಾಡಬೇಕು. ದಿನಕ್ಕೆ 20 ಟನ್ ಅಥವಾ ತಿಂಗಳಿಗೆ ಒಂದು ಯೋಜನೆಯಿಂದ 300 ಟನ್ ಮೀರಿದವರಿಗೆ ವಿಂಗಡಣೆ ಮತ್ತು ನಿರ್ವಹಣಾ ಯೋಜನೆಯ ಹೆಚ್ಚಿನ ಹೊಣೆಯಿತ್ತು. ಇವುಗಳ ಸ್ಥಾನದಲ್ಲಿ 2025ರ ಏಪ್ರಿಲಿನಲ್ಲಿ ಹೊಸ ನಿಯಮಗಳು ಪ್ರಕಟವಾಗಿ, 2026ರ ಏಪ್ರಿಲ್ 1 ಅವುಗಳ ಜಾರಿ ದಿನಾಂಕವೆಂದು ನಿಗದಿಯಾಯಿತು. ಅವುಗಳಲ್ಲಿನ ಉತ್ಪಾದಕರ ವಿಸ್ತೃತ ಹೊಣೆಗಾರಿಕೆ 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ನಿರ್ಮಾಣಗಳಿಗೆ. ಕೃಷ್ಣಮೂರ್ತಿಪುರಂನ 450 ಚದರ ಅಡಿಯ ತಾರಸಿ ಆ ಬಲೆಗೆ ಬೀಳುವುದಿಲ್ಲ. ಆದರೆ ನಗರದ ರಸ್ತೆಬದಿಯ ದಿಬ್ಬಗಳನ್ನು ಒಮ್ಮೆ ನಿಂತು ನೋಡಿ; ಅಲ್ಲಿರುವುದು ಇಂತಹ ಸಣ್ಣ ಮನೆ, ಸಣ್ಣ ಅಂಗಡಿ, ಸಣ್ಣ ಶೆಡ್ಡುಗಳ ಚೂರುಗಳೇ. 2015 ಮತ್ತು 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಪ್ರಥಮ ಸ್ಥಾನ ಪಡೆದ ನಗರ ನಮ್ಮದು. ಮನೆಯ ಕಸವನ್ನು ಹಸಿ ಒಣ ಎಂದು ಬೇರ್ಪಡಿಸಲು ಕಲಿತ ನಾವು, ಅದರ ನೂರು ಪಟ್ಟು ತೂಗುವ ಛಾವಣಿಯನ್ನು ರಾತ್ರಿ ಎಂಟರ ಮೇಲೆ ಕಳುಹಿಸುತ್ತೇವೆ.

ಪೆಟ್ಟಿಗೆಯ ಬಾಡಿಗೆ ನಮಗೆ ದುಬಾರಿಯಾಗುವುದಿಲ್ಲವೇ ಎಂದು ಸದಸ್ಯರು ಕೇಳುವರು. ನನ್ನ ಛಾವಣಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 450 ಚದರ ಅಡಿ ಎಂದರೆ ಸುಮಾರು 42 ಚದರ ಮೀಟರ್. ಎಂಟು ಅಂಗುಲ ದಪ್ಪಕ್ಕೆ ಸುಮಾರು ಎಂಟೂವರೆ ಘನ ಮೀಟರ್. ಘನ ಮೀಟರಿಗೆ 1.8 ಟನ್ನಿನಂತೆ ಹದಿನೈದು ಟನ್. ಕೆಡವಿದ ಮೇಲೆ ಅದು ಉಬ್ಬಿ ಹನ್ನೆರಡು ಘನ ಮೀಟರ್ ಆಗುತ್ತದೆ. ಟ್ರ್ಯಾಕ್ಟರಿನ ಒಂದು ಲೋಡು, ಅಂದರೆ ನೂರು ಘನ ಅಡಿಯ ಒಂದು ಯೂನಿಟ್ಟು, 2.8 ಘನ ಮೀಟರ್. ಪೂರ್ತಿ ತುಂಬಿದರೆ ನಾಲ್ಕು ಲೋಡು, ವಾಸ್ತವದಲ್ಲಿ ಆರು. ರೂ. 1,500ರಂತೆ ಆರಕ್ಕೆ ರೂ. 9,000.

ಇನ್ನು ಪೆಟ್ಟಿಗೆ. ನಾಲ್ಕೂವರೆ ಘನ ಮೀಟರಿನ ಕಂಟೇನರನ್ನು ತೂಕದ ಕಾರಣ ಮುಕ್ಕಾಲು ಮಾತ್ರ ತುಂಬಿದರೆ ನಾಲ್ಕು ಬಾರಿ ಎತ್ತಬೇಕಾಗುತ್ತದೆ. ಎತ್ತುವ ವಾಹನದ ಸಾಲದ ಕಂತು, ಚಾಲಕರ ವೇತನ, ವಿಮೆ ಸೇರಿ ತಿಂಗಳಿಗೆ ರೂ. 90,000 ಎಂದು ಕಲ್ಪಿಸಿಕೊಳ್ಳೋಣ. ಇದು ಕೇವಲ ನನ್ನ ಕಲ್ಪನೆಯ ಅಂಕಿ. ವಾಹನ ವ್ಯವಹಾರದಲ್ಲಿರುವ ಸದಸ್ಯರು ತಮ್ಮ ಅಂಕಿಗಳನ್ನು ಹಾಕಿ ನೋಡಬಹುದು. ತಿಂಗಳ 25 ದಿನ, ದಿನಕ್ಕೆ ಎರಡು ಬಾರಿ ಎತ್ತಿದರೆ ಒಂದಕ್ಕೆ ರೂ. 1,800. ಡೀಸೆಲ್, ಪೆಟ್ಟಿಗೆಯ ಸವಕಳಿ, ವಿಲೇವಾರಿ ಶುಲ್ಕ ಎಂದು ಇನ್ನೊಂದು ರೂ. 1,500 ಸೇರಿಸಿ. ಒಟ್ಟು ರೂ. 3,300, ನಾಲ್ಕಕ್ಕೆ ರೂ. 13,200. ಟ್ರ್ಯಾಕ್ಟರಿಗಿಂತ ರೂ. 4,200 ಹೆಚ್ಚು.

ಇಲ್ಲಿಗೇ ಲೆಕ್ಕ ಮುಗಿಸಿದರೆ ತಪ್ಪಾಗುತ್ತದೆ. ಟ್ರ್ಯಾಕ್ಟರ್ ಪದ್ಧತಿಯಲ್ಲಿ ಪ್ರತಿ ಬಾಂಡ್ಲಿ ತ್ಯಾಜ್ಯವನ್ನು ಎರಡು ಸಲ ಎತ್ತಬೇಕು. ಮೇಲಿನಿಂದ ರಸ್ತೆಗೆ ಒಮ್ಮೆ, ರಸ್ತೆಯಿಂದ ಟ್ರೈಲರಿಗೆ ಇನ್ನೊಮ್ಮೆ. ನನ್ನ ಮನೆಯಲ್ಲಿ ಎರಡನೆಯ ಎತ್ತುವಿಕೆಗೆ ನಾಲ್ವರು ಆಳುಗಳು ಒಂದೂವರೆ ದಿನ ದುಡಿದರು. ಆಳಿಗೆ ದಿನಕ್ಕೆ ರೂ. 800 ಹಿಡಿದರೂ ಅದೇ ರೂ. 4,800. ಪೆಟ್ಟಿಗೆ ಮೊದಲೇ ಬಂದು ಕೂತಿದ್ದರೆ ಮೇಲಿನಿಂದ ತಗಡಿನ ಜಾರುಗೊಳವೆಯಲ್ಲಿ ನೇರವಾಗಿ ಅದರೊಳಗೆ ಬೀಳುತ್ತಿತ್ತು. ಅಲ್ಲಿಗೆ ಎರಡು ಪದ್ಧತಿಗಳೂ ಹೆಚ್ಚು ಕಡಿಮೆ ಸರಿಸಮ. ಅಜ್ಜಿಯ ಮಣಿಕಟ್ಟನ್ನು ನಾನು ಯಾವ ಕಾಲಂನಲ್ಲೂ ಬರೆದಿಲ್ಲ.

ಆದರೆ ಈ ಸರಿಸಮ ಎಷ್ಟು ನಾಜೂಕಾದುದೆಂಬುದನ್ನೂ ಹೇಳಬೇಕು. ದಿನಕ್ಕೆ ಎರಡರ ಬದಲು ಒಂದೇ ಬಾರಿ ಕೆಲಸ ದೊರೆತರೆ ಅದೇ ಪೆಟ್ಟಿಗೆಗೆ ರೂ. 5,100 ಬೀಳುತ್ತದೆ, ಅಷ್ಟು ಕೊಟ್ಟು ಯಾರೂ ಕರೆಯುವುದಿಲ್ಲ. ಗಿರಾಕಿ ಇಲ್ಲವೆಂದು ಪೆಟ್ಟಿಗೆಯಿಲ್ಲ, ಪೆಟ್ಟಿಗೆಯಿಲ್ಲವೆಂದು ಗಿರಾಕಿ ಇಲ್ಲ. ಇದಲ್ಲದೆ ತೆರಿಗೆಯ ತೊಡಕೊಂದಿದೆ. ಸಾಗಣೆ ಏಜೆನ್ಸಿಯಲ್ಲದ, ಕನ್ಸೈನ್‌ಮೆಂಟ್ ನೋಟ್ ನೀಡದ ಬಿಡಿ ಟ್ರ್ಯಾಕ್ಟರ್ ಮಾಲೀಕನ ರಸ್ತೆ ಸಾಗಣೆಗೆ ಜಿಎಸ್‌ಟಿ ವಿನಾಯಿತಿಯಿದೆ. ಪೆಟ್ಟಿಗೆ ಇರಿಸಿ, ಎತ್ತಿ, ತೂಕದ ಚೀಟಿ ನೀಡಿ, ನಿಗದಿತ ಸ್ಥಳಕ್ಕೊಯ್ಯುವ ನೋಂದಾಯಿತ ಉದ್ಯಮಿ ತ್ಯಾಜ್ಯ ಸಂಗ್ರಹಣಾ ಸೇವೆಯೆಂದು ಸಾಮಾನ್ಯವಾಗಿ ಶೇ. 18 ವಿಧಿಸಬೇಕು. ಮೇಲಿನ ಲೆಕ್ಕದಂತೆ ತಿಂಗಳಿಗೆ ಐವತ್ತು ಬಾರಿ ಎತ್ತಿದರೆ ವರ್ಷದ ವಹಿವಾಟು ರೂ. 19.80 ಲಕ್ಷ. ಸೇವೆಗಳಿಗೆ ನೋಂದಣಿಯ ಮಿತಿ ರೂ. 20 ಲಕ್ಷ. ಅಂದರೆ ಒಂದು ರೂಪಾಯಿ ಲಾಭವಿಲ್ಲದೆ ದುಡಿದರೆ ಮಾತ್ರ ಆತ ಮಿತಿಯೊಳಗಿರುತ್ತಾನೆ! ನೂರಾರು ವ್ಯಾಪಾರಗಳಿಗೆ ರಿಯಾಯಿತಿ ಕೇಳಿ ನಾವು ಮನವಿ ಸಲ್ಲಿಸಿದ್ದೇವೆ. ತೂಕದ ಚೀಟಿಯೊಡನೆ ನಡೆಯುವ ಕಟ್ಟಡ ತ್ಯಾಜ್ಯ ಸಂಗ್ರಹಣೆಗೆ ಕಡಿಮೆ ದರ ಕೋರಿ ಒಂದು ಮನವಿ ಸಲ್ಲಿಸುವುದು ನಮ್ಮ ಸಂಸ್ಥೆಗೆ ಭಾರವಾಗಲಾರದು.

ಅಂಗಡಿ, ಕಾರ್ಖಾನೆಗಳ ಛಾವಣಿಯ ವಿಷಯದಲ್ಲಿ ಲೆಕ್ಕಪತ್ರದ ಕೆಲವು ಸೂಕ್ಷ್ಮಗಳನ್ನು ತಿಳಿಸುವುದು ನನ್ನ ವೃತ್ತಿಧರ್ಮ. ಸೋರುವ ಭಾಗವನ್ನು ಸರಿಪಡಿಸುವುದು ಚಾಲ್ತಿ ದುರಸ್ತಿ. ಹಳೆಯದನ್ನು ಪೂರ್ತಿ ತೆಗೆದು ಹೊಸ ಸ್ವರೂಪದ ಛಾವಣಿ ಹಾಕಿದರೆ ಅದು ಬಂಡವಾಳ ವೆಚ್ಚವಾಗುವ ಸಂಭವವೇ ಹೆಚ್ಚು. ಚಿತ್ರಮಂದಿರವೊಂದರ ವ್ಯಾಪಕ ನವೀಕರಣದ ಪ್ರಕರಣದಲ್ಲಿ, ಅಂತಹ ವೆಚ್ಚ ಚಾಲ್ತಿ ದುರಸ್ತಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1997ರಲ್ಲೇ ಹೇಳಿದೆ. ಬಂಡವಾಳವೆಂದು ಬರೆದ ಮಟ್ಟಿಗೆ ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಂ ಹೂಡುವಳಿ ತೆರಿಗೆಯ ಜಮೆಯನ್ನು ನಿರಾಕರಿಸುತ್ತದೆ. ಆದುದರಿಂದ ಪೆಟ್ಟಿಗೆಯ ಬಾಡಿಗೆಯ ಮೇಲಿನ ಶೇ. 18 ಕೆಲವರಿಗೆ ಹಿಂದಿರುಗುತ್ತದೆ, ಕೆಲವರಿಗೆ ಇಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಹೇಗೂ ಇಲ್ಲ. ಗುತ್ತಿಗೆಯ ಪಾವತಿಯಲ್ಲಿ ಮೂಲದಲ್ಲೇ ತೆರಿಗೆ ಕಡಿತಕ್ಕೂ ಇದೇ ವಿವೇಚನೆ ಬೇಕು. ಕೇವಲ ಪೆಟ್ಟಿಗೆಯ ಬಾಡಿಗೆಯೋ, ಒಯ್ಯುವ ಗುತ್ತಿಗೆಯೋ ಎಂಬುದನ್ನು ಬಿಲ್ಲಿನ ಒಕ್ಕಣೆಯೇ ನಿರ್ಧರಿಸುತ್ತದೆ. 2025ರ ಆದಾಯ ತೆರಿಗೆ ಕಾಯ್ದೆ ಕಲಂಗಳ ಸಂಖ್ಯೆಗಳನ್ನು ಬದಲಾಯಿಸಿತೇ ಹೊರತು ಈ ಭೇದವನ್ನಲ್ಲ. ಇನ್ನು ಮಾರಿದ ಹಳೆಯ ಮರ, ತಗಡುಗಳ ಹಣ. ಸವಕಳಿ ಪಡೆಯುತ್ತಿರುವ ಕಟ್ಟಡದ ಕೆಡವಿದ ಭಾಗದಿಂದ ಬಂದ ಮೊತ್ತವನ್ನು ಆಸ್ತಿಯ ಲೆಕ್ಕದಿಂದ ಕಳೆಯಬೇಕು. ‘ಮೇಸ್ತ್ರಿ ತೆಗೆದುಕೊಂಡು ಹೋದರು’ ಎಂಬ ಉತ್ತರಕ್ಕೆ ಖಾತೆ ಪುಸ್ತಕದಲ್ಲಿ ಜಾಗವಿಲ್ಲ.

ಹೆಬ್ಬಾಳು, ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳ ಹಳೆಯ ಶೆಡ್ಡುಗಳಿರುವ ಸದಸ್ಯರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಕಲ್ನಾರಿನ ಶೀಟುಗಳನ್ನು ಈ ಮೇಲಿನ ಯಾವ ಪೆಟ್ಟಿಗೆಗೂ ಇತರ ತ್ಯಾಜ್ಯದೊಡನೆ ಹಾಕಕೂಡದು. ಗಟ್ಟಿಯಾಗಿ ಛಾವಣಿಯ ಮೇಲಿರುವಾಗ ಅದರ ಅಪಾಯ ಕಡಿಮೆ. ಸುತ್ತಿಗೆಯಿಂದ ಒಡೆದು, ಮೇಲಿನಿಂದ ಎಸೆದು ಪುಡಿ ಮಾಡಿದಾಗ ಏಳುವ ನಾರು ಶ್ವಾಸಕೋಶದೊಳಗೆ ಸೇರಿ ದಶಕಗಳ ನಂತರ ಕ್ಯಾನ್ಸರ್ ತರಬಲ್ಲದು. ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೇರೆಯಿಡಬೇಕು. ಇಳಿಸುವವರಿಗೆ ತಕ್ಕ ಮುಖಗವಸು ಕೊಡಬೇಕು. ಬಾಯಿಗೆ ಕಟ್ಟಿದ ಟವೆಲ್ಲು ಸಾಲದು. ಒಯ್ಯುವ ಮುನ್ನ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಬೇಕು. ಒಡೆದ ಶೀಟುಗಳನ್ನು ಗುಂಡಿ ಮುಚ್ಚಲು ಬಳಸಿ ಅದರ ಮೇಲೆ ದಿನವೂ ಗಾಡಿ ಓಡಿಸುವ ಪದ್ಧತಿಯನ್ನು ನಾನು ಲೆಕ್ಕಪರಿಶೋಧನೆಗೆ ಹೋದೆಡೆ ಕಂಡಿದ್ದೇನೆ. ಅದಕ್ಕಿಂತ ದುಬಾರಿಯಾದ ಉಳಿತಾಯ ಇನ್ನೊಂದಿರಲಾರದು.

ಗಾರೆ ಮತ್ತು ಇಟ್ಟಿಗೆ ಚೂರಿನ ಕಥೆಯೇ ಬೇರೆ. ಪ್ಲಾಸ್ಟಿಕ್ಕು, ಗಾಜು, ವೈರು ಬೆರೆಯದ ಚೂರು ಬುನಾದಿ ತುಂಬಲು ಬೇಕಾದ ವಸ್ತು. ನಗರದ ಒಂದು ತುದಿಯಲ್ಲಿ ಒಬ್ಬರು ಹಣ ಕೊಟ್ಟು ಅದನ್ನು ಕಳುಹಿಸುತ್ತಿರುವ ದಿನವೇ, ಇನ್ನೊಂದು ತುದಿಯಲ್ಲಿ ಇನ್ನೊಬ್ಬರು ಹಣ ಕೊಟ್ಟು ಗ್ರಾವೆಲ್ ತರಿಸುತ್ತಿರುತ್ತಾರೆ. ದೆಹಲಿಯ ಬುರಾಡಿಯಲ್ಲಿ 2009ರಿಂದಲೇ ಕಟ್ಟಡ ತ್ಯಾಜ್ಯವನ್ನು ಪುಡಿಮಾಡಿ ನೆಲಹಾಸು ಬಿಲ್ಲೆ ಮುಂತಾದವನ್ನು ತಯಾರಿಸುವ ಘಟಕವಿದೆ. ಅಂತಹ ದೊಡ್ಡ ಘಟಕದ ಮಾತು ಹಾಗಿರಲಿ, ಬೆರೆಯದ ಚೂರನ್ನು ಬೇಕಾದವರಿಗೆ ತಲುಪಿಸುವ ಕೆಲಸಕ್ಕೆ ಪೆಟ್ಟಿಗೆಯೇ ಮೊದಲ ಮೆಟ್ಟಿಲು. ರಸ್ತೆಯ ರಾಶಿಗೆ ಬೀದಿಯವರೆಲ್ಲ ತಮ್ಮ ಮನೆಯ ಹಳೆಯ ಹಾಸಿಗೆ, ಒಡೆದ ಕಮೋಡು ತಂದು ಸೇರಿಸುತ್ತಾರೆ. ನನ್ನ ರಾಶಿಗೂ ಒಂದು ಹರಿದ ಸೋಫಾ ಸೇರಿತ್ತು. ನಾಲ್ಕು ಲೋಡು ಆರಾದುದಕ್ಕೆ ಆ ಸೋಫಾದ ಮಾಲೀಕರೂ ತಕ್ಕಮಟ್ಟಿಗೆ ಕಾರಣರು. ಪೆಟ್ಟಿಗೆಗೆ ಮುಚ್ಚಳ ಮತ್ತು ಬೀಗ ಇರಬೇಕೆಂಬುದು ಅಂದು ಕಲಿತ ಪಾಠ.

ಪೆಟ್ಟಿಗೆಯೊಂದು ಬಂದೊಡನೆ ಎಲ್ಲ ಸರಿಹೋಗುತ್ತದೆಂದು ನಾನು ವಾದಿಸುತ್ತಿಲ್ಲ. ತಲುಪಬೇಕಾದ ಸ್ಥಳ ನಿಗದಿಯಾಗದಿದ್ದರೆ ಅದು ಅದೇ ರಿಂಗ್ ರಸ್ತೆಗೆ ಹೋಗುವ ಅಚ್ಚುಕಟ್ಟಾದ ಟ್ರ್ಯಾಕ್ಟರ್ ಅಷ್ಟೇ. ಆದುದರಿಂದ ನಗರಪಾಲಿಕೆಯ ಮುಂದೆ ನಮ್ಮ ಸಂಸ್ಥೆ ಮೂರು ಬೇಡಿಕೆಗಳನ್ನಿಡಬೇಕೆಂದು ಸೂಚಿಸುತ್ತೇನೆ. ಪ್ರತಿ ವಲಯಕ್ಕೂ ಕಟ್ಟಡ ತ್ಯಾಜ್ಯ ಸ್ವೀಕರಿಸುವ ಒಂದು ಜಾಗ, ಅಲ್ಲಿ ತೂಕದ ಸೇತುವೆ ಮತ್ತು ಚೀಟಿ. ಇಂತಿಷ್ಟು ದಿನಕ್ಕೆ ಇಂತಿಷ್ಟು ಶುಲ್ಕದಂತೆ ರಸ್ತೆಯಂಚಿನಲ್ಲಿ ಪೆಟ್ಟಿಗೆ ಇರಿಸಲು ಒಂದೇ ದಿನದಲ್ಲಿ ದೊರೆಯುವ ಅನುಮತಿ. ನಮ್ಮ ಹಳೆಯ ಬಡಾವಣೆಗಳ ಕನ್ಸರ್ವೆನ್ಸಿ ಗಲ್ಲಿಗಳನ್ನು ಈ ಉದ್ದೇಶಕ್ಕೆ ಬಳಸಲು ಅವಕಾಶ. ಮನೆಗಳ ಹಿಂದೆ ಇಂತಹ ಗಲ್ಲಿಗಳನ್ನು ಬಿಟ್ಟ ಹಿಂದಿನವರು ಕಸ ಮುಂಬಾಗಿಲಿನಿಂದ ಹೋಗಬಾರದೆಂದೇ ಹಾಗೆ ಮಾಡಿದ್ದರು. ದಂಡದ ಮಾತು ನಾಲ್ಕನೆಯದು. ಜಾಗವನ್ನೇ ತೋರಿಸದೆ ದಂಡ ಹಾಕಿದರೆ ರಾತ್ರಿ ಎಂಟರ ಟ್ರ್ಯಾಕ್ಟರ್ ರಾತ್ರಿ ಹನ್ನೆರಡಕ್ಕೆ ಬರುತ್ತದೆ, ಅಷ್ಟೇ.

ನಗರಪಾಲಿಕೆ ಇದನ್ನೆಲ್ಲ ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ನಮ್ಮ ಕೈಯಲ್ಲಿರುವುದು ಅಂದಾಜುಪಟ್ಟಿ. ಅದರಲ್ಲಿ ‘ಸೇರಿ’ ಎಂಬ ಪದವನ್ನು ಹೊಡೆದುಹಾಕಿ ನಾಲ್ಕು ಸಾಲು ಬರೆಸಿದರೆ ಸಾಕು: ಕೆಡವುವ ಕೂಲಿ ಇಷ್ಟು, ಹಳೆಯ ಮರ ಹೆಂಚುಗಳ ಬೆಲೆ ಇಷ್ಟು ಜಮಾ, ತ್ಯಾಜ್ಯ ಸಾಗಣೆ ಇಷ್ಟು ಟನ್ನಿಗೆ ಇಷ್ಟು, ತಲುಪುವ ಸ್ಥಳ ಇಂಥದ್ದು. ಸಾಗಣೆಯ ಹಣವನ್ನು ತಲುಪಿದ ಚೀಟಿ ತಂದ ಮೇಲೆ ಮಾತ್ರ ಪಾವತಿಸುವುದು. ನೂರು ಸದಸ್ಯರು ಹೀಗೆ ಕೇಳಲಾರಂಭಿಸಿದರೆ ದಿನಕ್ಕೆ ಎರಡು ಬಾರಿ ಎತ್ತುವಷ್ಟು ಗಿರಾಕಿ ಹುಟ್ಟುವುದು ಅಸಾಧ್ಯವೇನಲ್ಲ. ಲಾರಿ, ಫ್ಯಾಬ್ರಿಕೇಷನ್, ಕಟ್ಟಡ ಸಾಮಗ್ರಿ ಈ ಮೂರೂ ವ್ಯವಹಾರಗಳಲ್ಲಿರುವವರು ನಮ್ಮಲ್ಲೇ ಇದ್ದಾರೆ. ಪೆಟ್ಟಿಗೆ ಮಾಡಿಸಲು ಹೊರಗಿನಿಂದ ಯಾರೂ ಬರಬೇಕಾಗಿಲ್ಲ.

ಬಲ್ಲಾಳ್ ವೃತ್ತದ ಸಮೀಪದ ಕಕ್ಷಿದಾರರೊಬ್ಬರು ತಮ್ಮ ಅಂಗಡಿಯ ಹಿಂಭಾಗದ ಹೆಂಚಿನ ಛಾವಣಿಯನ್ನು ಬದಲಾಯಿಸಬೇಕೆಂದಿದ್ದಾರೆ. ನನ್ನ ಸಲಹೆಯ ಮೇರೆಗೆ ಈ ನಾಲ್ಕು ಸಾಲಿನ ನಮೂನೆಯನ್ನು ಇಬ್ಬರು ಗುತ್ತಿಗೆದಾರರಿಗೆ ಕಳುಹಿಸಿದ್ದರು. ಒಬ್ಬರು ಉತ್ತರಿಸಲಿಲ್ಲ. ಇನ್ನೊಬ್ಬರು ಕೂಲಿ, ಸಾಗಣೆ, ಸ್ಥಳ ಎಲ್ಲವನ್ನೂ ತುಂಬಿ, ಹಳೆಯ ಮರದ ಬೆಲೆಯ ಖಾನೆಯನ್ನು ಮಾತ್ರ ಖಾಲಿ ಬಿಟ್ಟು ಕಳುಹಿಸಿದ್ದಾರೆ. ಅದನ್ನೂ ತುಂಬಿ ತರುವಂತೆ ಹಿಂದಿರುಗಿಸಿದ್ದೇನೆ. ನಮೂನೆಯ ಪ್ರತಿಗಳನ್ನು ಸಂಸ್ಥೆಯ ಕಚೇರಿಯಲ್ಲಿರಿಸಿದ್ದು, ಸದಸ್ಯರು ಕೆಲಸದ ವೇಳೆಯಲ್ಲಿ ಪಡೆದುಕೊಳ್ಳಬಹುದು.